ಸ್ಪರ್ಶಫಲಕದ ಮೇಲಿನ ಚಿತ್ರ ಯಾವ ಕ್ಷಣದ್ದು?

ಕಾಲೇಜಿನ ಸಭಾಂಗಣ, ವಿಚಾರ ಸಂಕಿರಣದ ಕೊಠಡಿ, ಪ್ರಯೋಗಾಲಯದ ಬಾಗಿಲ ಪಕ್ಕ, ಕಚೇರಿಯ ಪ್ರವೇಶದ್ವಾರ – ಇಂತಹ ಕಡೆಗಳಲ್ಲಿ ಗೋಡೆಗೆ ಕೂರಿಸಿದ ಟಚ್ ಪ್ಯಾನೆಲನ್ನು ನೀವು ನೋಡಿರಬಹುದು. ಅದನ್ನು ಇಲ್ಲಿ ಸ್ಪರ್ಶಫಲಕ ಎಂದು ಕರೆಯೋಣ. ದೀಪ, ಪ್ರೊಜೆಕ್ಟರ್, ಧ್ವನಿವರ್ಧಕಗಳ ಗುಂಡಿಗಳು ಅದರ ಮೇಲೆ ಚಿತ್ರರೂಪದಲ್ಲಿರುತ್ತವೆ. ಒಂದು ಮೂಲೆಯಲ್ಲಿ ಸಣ್ಣದೊಂದು ಕಿಟಕಿ. ಎಲ್ಲೋ ಇರುವ ಕ್ಯಾಮೆರಾ ಕಂಡದ್ದು ಜಾಲದ ಮೂಲಕ ಹರಿದುಬಂದು ಆ ಕಿಟಕಿಯಲ್ಲಿ ಮೂಡುತ್ತದೆ.

ಈ ಕಿಟಕಿಯನ್ನು ಅಳವಡಿಸುವುದು ಸಣ್ಣ ಕೆಲಸವೆಂಬುದು ಸಾಮಾನ್ಯ ಭಾವನೆ. ಕ್ಯಾಮೆರಾಕ್ಕೆ ಒಂದು ಐಪಿ ವಿಳಾಸ, ಫಲಕಕ್ಕೆ ಇನ್ನೊಂದು. ಫಲಕದ ತಂತ್ರಾಂಶದಲ್ಲಿ ಕ್ಯಾಮೆರಾದ ವಿಳಾಸ, ಬಳಕೆದಾರರ ಹೆಸರು, ಗುಪ್ತಪದ ತುಂಬಿದರೆ ಮುಗಿಯಿತು. ಚಿತ್ರ ಬಂತೇ? ಬಂತು. ಗುತ್ತಿಗೆದಾರ ಸಹಿ ಹಾಕಿಸಿಕೊಂಡು ಹೊರಡುತ್ತಾನೆ. ಕೈಪಿಡಿಗಳ ಧಾಟಿಯೂ ಹೆಚ್ಚುಕಡಿಮೆ ಇದೇ. ಇದನ್ನು ಒತ್ತಿ, ಅದನ್ನು ತುಂಬಿ, ‘ಸರಿ’ ಎಂಬಲ್ಲಿ ಮುಟ್ಟಿ. ಚಿತ್ರ ಮೂಡಿದರೆ ಅಧ್ಯಾಯ ಮುಕ್ತಾಯ.

ಈ ಪದ್ಧತಿಯ ಬಗ್ಗೆ ನನ್ನ ತಕರಾರು ಒಂದೇ. ಚಿತ್ರ ಬಂತೇ ಎಂದು ಎಲ್ಲರೂ ಕೇಳುತ್ತಾರೆ. ಬಂದ ಚಿತ್ರ ಯಾವ ಕ್ಷಣದ್ದು ಎಂದು ಕೇಳುವವರು ಕಡಿಮೆ. ಟಿ.ವಿ.ಯ ಮುಂದೆ ಕುಳಿತವರಿಗೆ ಈ ಎರಡನೆಯ ಪ್ರಶ್ನೆ ಅಷ್ಟು ಮುಖ್ಯವಲ್ಲ. ಕ್ರಿಕೆಟ್ ಪಂದ್ಯ ಐದು ಸೆಕೆಂಡ್ ತಡವಾಗಿ ಕಂಡರೂ ಆಟ ಕೆಡುವುದಿಲ್ಲ. ನಾವು ಬರಿಯ ನೋಡುಗರು. ಸ್ಪರ್ಶಫಲಕದ ಸಂಗತಿ ಬೇರೆ. ಅಲ್ಲಿ ಕಣ್ಣಿನ ಹಿಂದೆಯೇ ಕೈ ಇದೆ. ಕಂಡದ್ದನ್ನು ನಂಬಿ ಗುಂಡಿ ಮುಟ್ಟುತ್ತೇವೆ, ಬಾಗಿಲು ತೆರೆಯುತ್ತೇವೆ, ಕ್ಯಾಮೆರಾ ತಿರುಗಿಸುತ್ತೇವೆ. ಕಂಡದ್ದು ಹಳೆಯದಾಗಿದ್ದರೆ ಕೈ ಮಾಡುವ ಕೆಲಸವೂ ತಪ್ಪಾಗುತ್ತದೆ.

ಎರಡು ವಂಶಗಳು

ಇಲ್ಲಿ ಸ್ವಲ್ಪ ಇತಿಹಾಸ ನೋಡುವುದು ಒಳ್ಳೆಯದು. ಬೆರಳಿನಿಂದ ಮುಟ್ಟಿ ಆಜ್ಞೆ ಕೊಡುವ ಪರದೆಯನ್ನು ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರಾಡಾರ್ ಸಂಸ್ಥೆಯ ಇ.ಎ. ಜಾನ್ಸನ್ 1965ರಲ್ಲಿ ವಿವರಿಸಿದರು. ಉದ್ದೇಶ ವಿಮಾನ ಸಂಚಾರದ ನಿಯಂತ್ರಣ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ-4 ಎಂಬ ಬೋಧನಾ ವ್ಯವಸ್ಥೆ 1972ರಲ್ಲಿ ವಿದ್ಯಾರ್ಥಿಗಳ ಮುಂದೆ ಸ್ಪರ್ಶಫಲಕವನ್ನು ಇಟ್ಟಿತು. ಅವಕೆಂಪು ಕಿರಣಗಳ 16×16 ಜಾಲರಿಯಲ್ಲಿ ಬೆರಳು ಎಲ್ಲಿದೆ ಎಂಬುದನ್ನು ಅದು ಗುರುತಿಸುತ್ತಿತ್ತು. (ಸ್ಪರ್ಶಫಲಕ ತರಗತಿಗೆ ಬಂದದ್ದು ಇತ್ತೀಚೆಗೆ ಎಂದು ಹೇಳುವವರು ಇದನ್ನು ನೆನಪಿಡಬೇಕು.) ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ 1976ರಲ್ಲಿ ಕೆಲಸ ಆರಂಭಿಸಿದ ಸೂಪರ್ ಪ್ರೋಟಾನ್ ಸಿಂಕ್ರೋಟ್ರಾನ್ ಎಂಬ ಕಣವೇಗವರ್ಧಕದ ನಿಯಂತ್ರಣ ಕೊಠಡಿಯಲ್ಲೂ ಸ್ಪರ್ಶಫಲಕಗಳಿದ್ದವು. ವಿಮಾನ, ಪಾಠ, ವೇಗವರ್ಧಕ – ಮೂರರಲ್ಲೂ ಸ್ಪರ್ಶಫಲಕ ಹುಟ್ಟಿದ್ದು ತಕ್ಷಣದ ಪ್ರತಿಕ್ರಿಯೆಗಾಗಿ.

ಜಾಲದ ಮೂಲಕ ಬರುವ ವಿಡಿಯೋದ ವಂಶ ಬೇರೆಯೇ. ಅದರ ಮೂಲಪುರುಷ ಒಂದು ಕಾಫಿ ಪಾತ್ರೆ! ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ ಟ್ರೋಜನ್ ಕೊಠಡಿಯ ಹೊರಗಿದ್ದ ಕಾಫಿ ಪಾತ್ರೆ ಖಾಲಿಯಾಗಿದೆಯೋ ತುಂಬಿದೆಯೋ ಎಂದು ಕುಳಿತಲ್ಲಿಂದಲೇ ತಿಳಿಯಲು 1991ರಲ್ಲಿ ಅದಕ್ಕೆ ಕ್ಯಾಮೆರಾ ತೋರಿಸಿದರು. 128×128 ಚುಕ್ಕಿಗಳ ಕಪ್ಪುಬಿಳುಪು ಚಿತ್ರ, ನಿಮಿಷಕ್ಕೆ ಸುಮಾರು ಮೂರು ಬಾರಿ ಬದಲಾಗುತ್ತಿತ್ತು. ಕಾಫಿಗೆ ಅಷ್ಟು ಸಾಕು. 1993ರಲ್ಲಿ ಅದು ವಿಶ್ವವ್ಯಾಪಿ ಜಾಲಕ್ಕೂ ಬಂತು, 2001ರ ಆಗಸ್ಟ್ 22ರಂದು ನಿಂತಿತು. ಮಾರುಕಟ್ಟೆಗೆ ಬಂದ ಮೊದಲ ಜಾಲ ಕ್ಯಾಮೆರಾ ಸ್ವೀಡನ್ನಿನ ಆಕ್ಸಿಸ್ ಕಂಪನಿಯ ನೆಟ್‌ಐ-200, ವರ್ಷ 1996. ಅದೂ ಚಲಿಸುವ ಚಿತ್ರಕ್ಕಿಂತ ಆಗಾಗ ತೆಗೆದ ಸ್ಥಿರಚಿತ್ರಗಳನ್ನೇ ಕೊಡುತ್ತಿತ್ತು.

ಈ ಎರಡು ವಂಶಗಳ ಮದುವೆಯೇ ನಮ್ಮ ಗೋಡೆಯ ಮೇಲಿನ ಕಿಟಕಿ. ದುರದೃಷ್ಟವೆಂದರೆ, ಅದರ ಕೆಲಸ ಜಾನ್ಸನ್ನರ ಪರದೆಯದು, ಅದನ್ನು ಪರೀಕ್ಷಿಸುವ ಅಳತೆಗೋಲು ಮಾತ್ರ ಕಾಫಿ ಪಾತ್ರೆಯದು.

ಬಚ್ಚಲುಮನೆಯ ನಲ್ಲಿ

ಚಳಿಗಾಲದ ಬೆಳಗ್ಗೆ ಗೀಸರಿನ ನಲ್ಲಿ ತಿರುಗಿಸಿದ ಅನುಭವ ಎಲ್ಲರಿಗೂ ಇದೆ. ತಿರುಗಿಸುತ್ತೀರಿ, ನೀರು ತಣ್ಣಗೇ ಬರುತ್ತದೆ. ಇನ್ನಷ್ಟು ತಿರುಗಿಸುತ್ತೀರಿ. ಕೊಳವೆಯಲ್ಲಿ ನಿಂತಿದ್ದ ತಣ್ಣೀರು ಹರಿದು ಮುಗಿದ ಕೂಡಲೇ ಕೈ ಸುಡುವ ನೀರು ಬರುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೀರಿ, ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣೀರು. ಇಲ್ಲಿ ನಲ್ಲಿಯೂ ಸರಿ, ಗೀಸರೂ ಸರಿ, ನಿಮ್ಮ ಕೈಯೂ ಸರಿ. ಕೈ ಮಾಡಿದ ಕೆಲಸಕ್ಕೂ ಅದರ ಫಲ ತಿಳಿಯುವುದಕ್ಕೂ ನಡುವಿನ ವಿಳಂಬವೇ ಎಲ್ಲ ತೊಂದರೆಯ ಮೂಲ. ಹಿಮ್ಮಾಹಿತಿಯ ವ್ಯವಸ್ಥೆಗಳ ಬಗ್ಗೆ ಪಾಠ ಮಾಡುವ ಅಧ್ಯಾಪಕರಿಗೆ ಇದಕ್ಕಿಂತ ಸುಲಭದ ಉದಾಹರಣೆ ಸಿಗಲಾರದು.

ಸಭಾಂಗಣದ ತಿರುಗುವ ಕ್ಯಾಮೆರಾದಲ್ಲೂ ನಡೆಯುವುದು ಇದೇ. ಕ್ಯಾಮೆರಾ ಸೆಕೆಂಡಿಗೆ 60 ಡಿಗ್ರಿ ತಿರುಗುತ್ತದೆ, ಫಲಕದ ಚಿತ್ರ ಅರ್ಧ ಸೆಕೆಂಡ್ ಹಳೆಯದು ಎಂದಿಟ್ಟುಕೊಳ್ಳಿ. ಭಾಷಣಕಾರರು ಚಿತ್ರದ ನಡುವೆ ಬಂದರೆಂದು ನೀವು ಬಾಣದ ಗುರುತಿನಿಂದ ಬೆರಳೆತ್ತುವ ಹೊತ್ತಿಗೆ ಕ್ಯಾಮೆರಾ ಆಗಲೇ 30 ಡಿಗ್ರಿ ಮುಂದೆ ಹೋಗಿರುತ್ತದೆ. ಮಸೂರದ ನೋಟದ ಅಗಲ 60 ಡಿಗ್ರಿಯಾಗಿದ್ದರೆ ಭಾಷಣಕಾರರು ಚೌಕಟ್ಟಿನ ಅಂಚಿಗೆ ಸರಿದರು. ಹಿಂದಕ್ಕೆ ತಿರುಗಿಸಿದರೆ ಇನ್ನೊಂದು ಅಂಚಿಗೆ. ಹತ್ತು ಪಟ್ಟು ಹಿಗ್ಗಿಸಿದಾಗ ನೋಟದ ಅಗಲ ಏಳು ಡಿಗ್ರಿಗಿಂತ ಕಡಿಮೆಯಾಗುತ್ತದೆ; ಆಗ ಸೆಕೆಂಡಿಗೆ ಐದೇ ಡಿಗ್ರಿ ತಿರುಗಿಸಿದರೂ ಒಂದು ಸೆಕೆಂಡಿನ ವಿಳಂಬದಲ್ಲಿ ಮನುಷ್ಯ ಚಿತ್ರದಿಂದಲೇ ಮಾಯ. ಫಲಕದ ಮುಂದೆ ನಿಂತವರಿಗೆ ‘ಬಳಸಲು ಬರುವುದಿಲ್ಲ’ ಎಂಬ ಹೆಸರು ಬರುತ್ತದೆ. ಬರದಿರುವುದು ಅಳವಡಿಸಿದವರಿಗೆ.

ಎಷ್ಟು ವಿಳಂಬವನ್ನು ಸಹಿಸಬಹುದು? ರಾಬರ್ಟ್ ಮಿಲ್ಲರ್ 1968ರಲ್ಲಿ, ಜೇಕಬ್ ನೀಲ್ಸನ್ 1993ರಲ್ಲಿ ಈ ಬಗ್ಗೆ ಬರೆದಿದ್ದಾರೆ. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣ ಆಯಿತೆಂದು ನಮಗೆ ಅನ್ನಿಸುತ್ತದೆ. ಒಂದು ಸೆಕೆಂಡ್ ದಾಟಿದರೆ ಯೋಚನೆಯ ಎಳೆ ಕಡಿಯತೊಡಗುತ್ತದೆ. ಮಾತುಕತೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಮೀರದಿದ್ದರೆ ಒಳ್ಳೆಯದೆನ್ನುತ್ತದೆ. ಕೈಯಿಂದ ನಿಯಂತ್ರಿಸುವ ಕ್ಯಾಮೆರಾಕ್ಕೆ 200 ಮಿಲಿಸೆಕೆಂಡ್, ಬಾಗಿಲಲ್ಲಿ ಯಾರಿದ್ದಾರೆಂದು ನೋಡುವುದಕ್ಕೆ ಅರ್ಧ ಸೆಕೆಂಡ್, ಬರಿಯ ನೋಟಕ್ಕೆ ಒಂದೆರಡು ಸೆಕೆಂಡ್ – ಇದು ನನ್ನ ಲೆಕ್ಕ. ನೀವು ಬೇರೆ ಸಂಖ್ಯೆ ಇಟ್ಟುಕೊಳ್ಳಬಹುದು. ಯಾವುದೋ ಒಂದು ಸಂಖ್ಯೆಯಂತೂ ಟೆಂಡರಿನಲ್ಲಿ ಇರಲೇಬೇಕು.

ತಡವಾಗುವುದು ಎಲ್ಲಿ?

ಚಿತ್ರ ತಡವಾದರೆ ‘ನೆಟ್‌ವರ್ಕ್ ಸ್ಲೋ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದನ್ನು ಲೆಕ್ಕ ಹಾಕಿ ನೋಡೋಣ. ತಾಮ್ರದ ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 100 ಮೀಟರ್ ತಂತಿ ದಾಟಲು ಅರ್ಧ ಮೈಕ್ರೋಸೆಕೆಂಡ್ ಸಾಕು. 100 ಕಿಲೋಬೈಟ್ ತೂಕದ ಒಂದು ಚಿತ್ರವನ್ನು ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ತಂತಿಗೆ ಹಾಕಿ ಮುಗಿಸಲು 8 ಮಿಲಿಸೆಕೆಂಡ್. ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುವುದಾದರೆ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡ್. ಅದನ್ನು ಸಂಕುಚಿಸಲು ಒಂದೆರಡು ಚಿತ್ರದಷ್ಟು ಸಮಯ, ಫಲಕದಲ್ಲಿ ಬಿಡಿಸಲು ಅಷ್ಟೇ, ಪರದೆ ಸೆಕೆಂಡಿಗೆ 60 ಬಾರಿ ಬದಲಾಗುವುದರಿಂದ ಕೊನೆಗೆ 17 ಮಿಲಿಸೆಕೆಂಡ್. ಎಲ್ಲ ಕೂಡಿದರೂ ಕಾಲು ಸೆಕೆಂಡ್ ದಾಟಬೇಕಾಗಿಲ್ಲ. ಹಾಗಾದರೆ ಕಾಣುವ ಎರಡು, ಐದು, ಕೆಲವೊಮ್ಮೆ ಇಪ್ಪತ್ತು ಸೆಕೆಂಡ್ ಎಲ್ಲಿಂದ ಬಂತು?

ಅದರ ಬಹುಪಾಲು ಬಫರಿನ ಕೊಡುಗೆ. ಜಾಲದಲ್ಲಿ ಪ್ಯಾಕೆಟ್ಟುಗಳು ಒಂದೇ ಲಯದಲ್ಲಿ ಬರುವುದಿಲ್ಲ. ಒಂದು ಬೇಗ, ಒಂದು ನಿಧಾನ. ಚಿತ್ರ ಕುಂಟದಿರಲಿ ಎಂದು ತಂತ್ರಾಂಶ ಒಂದಷ್ಟನ್ನು ಮೊದಲೇ ಶೇಖರಿಸಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಮಳೆಗಾಲ ಅನಿಶ್ಚಿತವಾದ ಊರಿನಲ್ಲಿ ಕೆರೆ ಕಟ್ಟಿದ ಹಾಗೆ. ದೂರದ ಅಂತರಜಾಲದಿಂದ ಸಿನಿಮಾ ನೋಡುವವರಿಗೆ ಈ ಕೆರೆ ಬೇಕು. ಒಂದೇ ಕಟ್ಟಡದ ಒಂದೇ ಸ್ವಿಚ್ಚಿಗೆ ತಂತಿಯಲ್ಲಿ ಜೋಡಿಸಿದ ಕ್ಯಾಮೆರಾ ಮತ್ತು ಫಲಕದ ನಡುವೆ ಅಷ್ಟು ದೊಡ್ಡ ಕೆರೆ ಏಕೆ? ಗಣಕಗಳಲ್ಲಿ ಬಹಳ ಮಂದಿ ಬಳಸುವ ವಿಎಲ್‌ಸಿ ತಂತ್ರಾಂಶ ಜಾಲದ ವಿಡಿಯೋಗೆ ಮೂಲಸ್ಥಿತಿಯಲ್ಲಿ ಸುಮಾರು ಒಂದು ಸೆಕೆಂಡಿನ ಶೇಖರಣೆ ಇಟ್ಟುಕೊಳ್ಳುತ್ತದೆ. ಅದು ತಪ್ಪಲ್ಲ, ಅದನ್ನು ಮಾಡಿದ್ದು ನೋಡುಗರಿಗಾಗಿ. ಆ ಸಂಖ್ಯೆಯನ್ನು ಮುಟ್ಟದೆ ಹಾಗೆಯೇ ಬಿಟ್ಟು ನಿಯಂತ್ರಣದ ಫಲಕಕ್ಕೆ ಬಳಸುವುದು ತಪ್ಪು.

ಇದಕ್ಕಿಂತ ಕೆಟ್ಟ ಸಂದರ್ಭವೂ ಇದೆ. ಇತ್ತೀಚೆಗೆ ಸ್ಪರ್ಶಫಲಕವೆಂದರೆ ಅನೇಕ ಕಡೆ ಗೋಡೆಗೆ ಕೂರಿಸಿದ ಟ್ಯಾಬ್ಲೆಟ್ ಮತ್ತು ಅದರೊಳಗಿನ ಬ್ರೌಸರ್. ಕ್ಯಾಮೆರಾಗಳ ಸಹಜ ಭಾಷೆ ಆರ್‌ಟಿಎಸ್‌ಪಿ, 1998ರಲ್ಲಿ ಪ್ರಕಟವಾದ ನಿಯಮಾವಳಿ. ‘ನಿನ್ನ ಬಳಿ ಏನಿದೆ ವಿವರಿಸು’, ‘ಸಿದ್ಧಪಡಿಸು’, ‘ಕಳುಹಿಸು’, ‘ನಿಲ್ಲಿಸು’ ಎಂಬ ನಾಲ್ಕಾರು ಮಾತುಗಳ ಸಂವಾದ ಅದು. ಬ್ರೌಸರಿಗೆ ಈ ಭಾಷೆ ನೇರವಾಗಿ ಬಾರದು. ನಡುವೆ ಒಬ್ಬ ದುಭಾಷಿಯನ್ನು ಕೂರಿಸಬೇಕು. ಸುಲಭಕ್ಕೆ ಸಿಗುವುದು ಆಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್. ಅದು ವಿಡಿಯೋವನ್ನು ತುಂಡುತುಂಡಾಗಿ ಕತ್ತರಿಸಿ ಕಡತಗಳಾಗಿ ಕೊಡುತ್ತದೆ. ತುಂಡಿನ ಉದ್ದ ಮೊದಲು 10 ಸೆಕೆಂಡ್, ಆಮೇಲೆ 6 ಸೆಕೆಂಡ್ ಇರಲಿ ಎಂಬ ಸಲಹೆ ಇತ್ತು. ನೋಡುವ ತಂತ್ರಾಂಶ ಸಾಮಾನ್ಯವಾಗಿ ಮೂರು ತುಂಡು ಹಿಂದಿನಿಂದ ಆರಂಭಿಸುತ್ತದೆ. ಗುಣಿಸಿ ನೋಡಿ: 18ರಿಂದ 30 ಸೆಕೆಂಡ್. ಲಕ್ಷಾಂತರ ಜನರಿಗೆ ಪ್ರಸಾರ ಮಾಡಲು ಇದು ಬಹಳ ಒಳ್ಳೆಯ ವಿಧಾನ. ಬಾಗಿಲಲ್ಲಿ ನಿಂತವರನ್ನು ನೋಡಿ ಬೀಗ ತೆಗೆಯಲು ಬಳಸಿದರೆ, ನೀವು ಬೀಗ ತೆಗೆಯುವ ಹೊತ್ತಿಗೆ ಬಂದವರು ಹೋಗಿ ಇನ್ನೊಬ್ಬರು ಬಂದಿರುತ್ತಾರೆ. 2021ರ ಜನವರಿಯಲ್ಲಿ ಅಧಿಕೃತ ಮಾನಕವಾದ ವೆಬ್‌ಆರ್‌ಟಿಸಿ ಇಂತಹ ಕಡೆ ಸರಿಯಾದ ದುಭಾಷಿ. ಅದು ಹುಟ್ಟಿದ್ದೇ ಮಾತುಕತೆಗಾಗಿ.

ಒಂದು ಹೋಲಿಕೆ ಹೇಳದೆ ಮುಂದೆ ಹೋಗಲಾರೆ. 2004ರಲ್ಲಿ ಉಡಾವಣೆಯಾದ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಪಾಠ ಪ್ರಸಾರ ಮಾಡುತ್ತಿತ್ತು. ಸಂಕೇತ 36,000 ಕಿಲೋಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯಲು ಬೇಕಾದದ್ದು ಸೆಕೆಂಡಿನ ಕಾಲು ಭಾಗಕ್ಕಿಂತ ಕಡಿಮೆ, 0.24 ಸೆಕೆಂಡ್. ಬಾಹ್ಯಾಕಾಶಕ್ಕೆ ಹೋಗಿಬರುವ ದಾರಿಗೆ ಬೇಕಾದ ಸಮಯದ ಹಲವು ಪಟ್ಟನ್ನು ಪಕ್ಕದ ಕೋಣೆಯ ಚಿತ್ರ ತೆಗೆದುಕೊಳ್ಳುತ್ತಿದೆ ಎಂದರೆ ಬೈಯಬೇಕಾದದ್ದು ತಂತಿಯನ್ನಲ್ಲ.

ಹೊಸದೇ ಮೇಲೆಂಬ ನಂಬಿಕೆ

ಇನ್ನು ಸಂಕುಚನದ ವಿಷಯ. 1280×720 ಚುಕ್ಕಿಗಳ ಬಣ್ಣದ ಚಿತ್ರದಲ್ಲಿ ಒಂದೊಂದು ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 25 ಚಿತ್ರ ಎಂದರೆ 55 ಕೋಟಿ 29 ಲಕ್ಷ 60 ಸಾವಿರ ಬಿಟ್. 100 ಮೆಗಾಬಿಟ್ ತಂತಿಗೆ ಇದು ಐದೂವರೆ ಪಟ್ಟು ಹೆಚ್ಚು. ಸಂಕುಚಿಸದೆ ಗತಿಯಿಲ್ಲ. ಎರಡು ದಾರಿಗಳಿವೆ. ಒಂದು, ಪ್ರತಿ ಚಿತ್ರವನ್ನೂ ಬಿಡಿಯಾಗಿ, 1992ರ ಜೆಪೆಗ್ ಮಾನಕದಂತೆ ಕುಗ್ಗಿಸಿ ಒಂದರ ಹಿಂದೊಂದು ಕಳುಹಿಸುವುದು. ಇದಕ್ಕೆ ಮೋಷನ್ ಜೆಪೆಗ್ ಎನ್ನುತ್ತಾರೆ. ಇನ್ನೊಂದು, 2003ರಲ್ಲಿ ಬಂದ ಎಚ್.264ರಂತೆ, ಆಗೊಮ್ಮೆ ಒಂದು ಪೂರ್ಣ ಚಿತ್ರ ಕಳುಹಿಸಿ ನಡುವೆ ಬದಲಾವಣೆಗಳನ್ನಷ್ಟೇ ಹೇಳುವುದು.

ಹಾಜರಿ ಪುಸ್ತಕದ ಉದಾಹರಣೆ ಕೊಡಬಹುದು. ದಿನವೂ ಅರವತ್ತು ಹೆಸರು ಕೂಗುವ ಮೇಷ್ಟ್ರು ಮೋಷನ್ ಜೆಪೆಗ್. ‘ನಿನ್ನೆಯಂತೆಯೇ, ಇಬ್ಬರು ಮಾತ್ರ ಗೈರು’ ಎಂದು ಬರೆಯುವವರು ಎಚ್.264. ಎರಡನೆಯವರದು ಎಷ್ಟೋ ಕಡಿಮೆ ಶ್ರಮ. ಆದರೆ ನಿನ್ನೆಯ ಪುಟ ಹರಿದುಹೋದರೆ ಇವತ್ತಿನದು ಅರ್ಥವಾಗುವುದಿಲ್ಲ. ಹೊಸದಾಗಿ ಬಂದವರು ಮುಂದಿನ ಪೂರ್ಣ ಹಾಜರಿಯವರೆಗೆ ಕಾಯಬೇಕು.

ಸಂಖ್ಯೆಯಲ್ಲಿ ಹೇಳುವುದಾದರೆ, 100 ಕಿಲೋಬೈಟಿನ 25 ಜೆಪೆಗ್ ಚಿತ್ರಗಳಿಗೆ ಸೆಕೆಂಡಿಗೆ 20 ಮೆಗಾಬಿಟ್ ಬೇಕು. ಅದೇ ನೋಟ ಎಚ್.264ರಲ್ಲಿ ಎರಡು ಮೆಗಾಬಿಟ್ಟಿನ ಆಸುಪಾಸಿನಲ್ಲಿ ಬಂದೀತು. ಹಾಗಾಗಿ ಹೊಸದೇ ಮೇಲು ಎಂದು ಕಣ್ಣುಮುಚ್ಚಿ ಆರಿಸುವುದು ರೂಢಿ. ಆಯ್ಕೆ ಅಷ್ಟು ಸರಳವಲ್ಲ. ಎಚ್.264ರಲ್ಲಿ ಪೂರ್ಣ ಚಿತ್ರ ಎರಡು ಸೆಕೆಂಡಿಗೊಮ್ಮೆ ಬರುವಂತಿದ್ದರೆ, ಫಲಕದಲ್ಲಿ ಕ್ಯಾಮೆರಾದ ಗುಂಡಿ ಮುಟ್ಟಿದ ಮೇಲೆ ಚಿತ್ರ ಮೂಡಲು ಸರಾಸರಿ ಒಂದು ಸೆಕೆಂಡ್ ಕಾಯಬೇಕು. ಇದು ಆರಂಭದ ವಿಳಂಬ; ಆಮೇಲೆ ಉಳಿಯುವ ವಿಳಂಬ ಬೇರೆ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾತನಾಡುವುದು ಕೈಪಿಡಿಗಳ ಇನ್ನೊಂದು ದೋಷ. ಮುಂದೆ ಬರುವ ಚಿತ್ರವನ್ನು ನೋಡಿ ನಡುವಿನದನ್ನು ಕಟ್ಟುವ ಬಿ-ಫ್ರೇಮ್ ಎಂಬ ಉಪಾಯವನ್ನು ಚಾಲೂ ಇಟ್ಟರೆ ಉಳಿಯುವ ವಿಳಂಬವೂ ಬೆಳೆಯುತ್ತದೆ, ಏಕೆಂದರೆ ಮುಂದಿನದು ಬರುವವರೆಗೆ ಕಾಯಲೇಬೇಕು. ಪೂರ್ಣ ಚಿತ್ರ ಸೆಕೆಂಡಿಗೊಂದು, ಬಿ-ಫ್ರೇಮ್ ಬೇಡ – ಫಲಕಕ್ಕೆ ಇದು ಸರಿ. ಹಳೆಯ ಫಲಕ, ಸಣ್ಣ ಕಿಟಕಿ, ನೋಡುವವರು ಒಬ್ಬರೋ ಇಬ್ಬರೋ ಆಗಿದ್ದರೆ ಹಳೆಯ ಮೋಷನ್ ಜೆಪೆಗ್ಗೇ ಉತ್ತಮ. 40 ಕಿಲೋಬೈಟಿನ 640×480 ಚಿತ್ರಗಳು ಸೆಕೆಂಡಿಗೆ 15 ಬಂದರೆ ಬೇಕಾದದ್ದು 4.8 ಮೆಗಾಬಿಟ್ ಅಷ್ಟೆ. ಯಾವುದೂ ಯಾವುದನ್ನೂ ಕಾಯುವುದಿಲ್ಲ.

ಟೆಂಡರುಗಳ ‘4ಕೆ’ ಮೋಹವನ್ನು ಇಲ್ಲಿಯೇ ಹೇಳಿಬಿಡಬೇಕು. 4ಕೆ ಕ್ಯಾಮೆರಾದಲ್ಲಿ 3840×2160, ಅಂದರೆ 82,94,400 ಚುಕ್ಕಿ. 1024×600ರ ಏಳಂಗುಲದ ಫಲಕದ ಕಾಲು ಭಾಗದ ಕಿಟಕಿಯಲ್ಲಿ 512×300, ಅಂದರೆ 1,53,600 ಚುಕ್ಕಿ. 54 ಚುಕ್ಕಿ ಸಾಗಿಸಿ 53ನ್ನು ಬಿಸಾಡುತ್ತಿದ್ದೇವೆ! ಬಿಸಾಡುವ ಮೊದಲು ಎಲ್ಲವನ್ನೂ ಬಿಡಿಸಿ ನೋಡುವ ಕೆಲಸ ಫಲಕದ ಪುಟ್ಟ ಸಂಸ್ಕಾರಕದ ತಲೆಯ ಮೇಲೆ. ಎಚ್.264ರಲ್ಲಿ ‘ಮಟ್ಟ’ಗಳಿವೆ, 3.1ನೆಯ ಮಟ್ಟದ ಡಿಕೋಡರ್ 1280×720ರ 30 ಚಿತ್ರಗಳವರೆಗೆ ತಾಳುತ್ತದೆ, ಅದಕ್ಕಿಂತ ದೊಡ್ಡದು ಬಂದರೆ ಕಿಟಕಿ ಕಪ್ಪಾಗಬಹುದು. ಬಹುತೇಕ ಕ್ಯಾಮೆರಾಗಳು ಮುಖ್ಯ ಧಾರೆಯ ಜೊತೆಗೆ ಸಣ್ಣ ಗಾತ್ರದ ಉಪಧಾರೆಯನ್ನೂ ಕೊಡುತ್ತವೆ. ಮುಖ್ಯ ಧಾರೆ ಮುದ್ರಣಕ್ಕೆ, ಉಪಧಾರೆ ಫಲಕಕ್ಕೆ. ಇಷ್ಟು ಮಾಡಿದರೆ ಅರ್ಧ ದೂರುಗಳು ಇಲ್ಲವಾಗುತ್ತವೆ.

ಫಲಕಗಳ ಸಂಖ್ಯೆ ಹೆಚ್ಚಿದಾಗ ಇನ್ನೊಂದು ಲೆಕ್ಕ. ಪ್ರತಿ ಫಲಕವೂ ತನ್ನದೇ ಪ್ರತಿಯನ್ನು ಕೇಳಿದರೆ ಐದು ಫಲಕಕ್ಕೆ ಐದು 20, ನೂರು ಮೆಗಾಬಿಟ್. ಕ್ಯಾಮೆರಾದ ತಂತಿ ಅಲ್ಲಿಗೇ ಭರ್ತಿ. ಒಂದೇ ಪ್ರತಿಯನ್ನು ಸ್ವಿಚ್ಚೇ ಹಂಚುವ ಮಲ್ಟಿಕಾಸ್ಟ್ ಇದಕ್ಕೆ ಪರಿಹಾರ. 224ರಿಂದ 239ರವರೆಗಿನ ಸಂಖ್ಯೆಯಿಂದ ಶುರುವಾಗುವ ವಿಳಾಸಗಳು ಇದಕ್ಕೆಂದೇ ಮೀಸಲು. ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ ಚಾಲೂ ಇರಬೇಕು. ಇಲ್ಲದಿದ್ದರೆ ಕೇಳದವರ ತಂತಿಗೂ ಧಾರೆ ನುಗ್ಗುತ್ತದೆ. ವೈ-ಫೈ ಫಲಕಕ್ಕೆ ಮಲ್ಟಿಕಾಸ್ಟ್ ಬೇಡ, ಸಾಧ್ಯವಾದರೆ ವೈ-ಫೈ ಕೂಡ ಬೇಡ.

ಹೆಪ್ಪುಗಟ್ಟಿದ ಚಿತ್ರ

ವಿಳಂಬದ ಕೊನೆಯ ಮಿತಿ ಯಾವುದು ಗೊತ್ತೇ? ನಿಂತುಹೋದ ಚಿತ್ರ. ಜಾಲ ಕಡಿದರೂ ಕೊನೆಯ ಚೌಕಟ್ಟನ್ನು ಹಾಗೆಯೇ ತೋರಿಸುತ್ತ ನಿಲ್ಲುವ ಫಲಕಗಳಿವೆ. ವಿದ್ಯಾಸಂಸ್ಥೆಯೊಂದರ ರಸಾಯನ ಪ್ರಯೋಗಾಲಯದ ಹೊರಗೆ ಇಂತಹ ಫಲಕವನ್ನು ನೋಡಿದ್ದೇನೆ. ಒಳಗೆ ಯಾರೂ ಇಲ್ಲವೆಂದು ತೋರಿಸುತ್ತಿತ್ತು, ಒಳಗಿನಿಂದ ಮಾತು ಕೇಳಿಸುತ್ತಿತ್ತು! ಚಿತ್ರ ಬೆಳಗಿನದು. ಅಲ್ಲಿನ ಸಹಾಯಕರಿಗೆ ಇದು ಹೊಸದಾಗಿರಲಿಲ್ಲ. ಬಾಗಿಲು ತಟ್ಟಿ ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಖಾಲಿ ಕೊಠಡಿಯ ಚಿತ್ರ ಜೀವಂತವೋ ಸತ್ತದ್ದೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಹೊಗೆ ತುಂಬಿದ ದಿನವೂ ಫಲಕ ಶುಭ್ರವಾದ ಖಾಲಿ ಕೊಠಡಿಯನ್ನೇ ತೋರಿಸುತ್ತಿರಬಹುದು. ಚಿತ್ರವೇ ಇಲ್ಲದ ಕಪ್ಪು ಕಿಟಕಿ ಇದಕ್ಕಿಂತ ಸಾವಿರ ಪಾಲು ಪ್ರಾಮಾಣಿಕ.

ಪರಿಹಾರಕ್ಕೆ ಖರ್ಚಿಲ್ಲ. ಕ್ಯಾಮೆರಾದಲ್ಲೇ ಸೆಕೆಂಡ್ ಸಹಿತ ಗಡಿಯಾರವನ್ನು ಚಿತ್ರದ ಮೇಲೆ ಅಚ್ಚಾಗುವಂತೆ ಇಡಬೇಕು. ಫಲಕದ ತಂತ್ರಾಂಶದ ಗಡಿಯಾರ ಇದಕ್ಕೆ ಉಪಯೋಗವಿಲ್ಲ, ಚಿತ್ರ ಸತ್ತರೂ ಅದು ಓಡುತ್ತಿರುತ್ತದೆ. ಎರಡು ಸೆಕೆಂಡ್ ಹೊಸ ಚೌಕಟ್ಟು ಬರದಿದ್ದರೆ ಕಿಟಕಿಯನ್ನು ಖಾಲಿ ಮಾಡಿ ‘ಸಂಪರ್ಕವಿಲ್ಲ’ ಎಂದು ತೋರಿಸುವಂತೆ ಕಾರ್ಯಕ್ರಮ ಬರೆಯಬೇಕು. ಒಪ್ಪಿಸಿಕೊಳ್ಳುವ ದಿನ ಕ್ಯಾಮೆರಾದ ತಂತಿಯನ್ನು ಎಲ್ಲರೆದುರು ಕಿತ್ತು ನೋಡಿ. ಹತ್ತು ಪುಟದ ಪರೀಕ್ಷಾ ವರದಿಗಿಂತ ಅದು ಹೆಚ್ಚು ಹೇಳುತ್ತದೆ.

ಗುಪ್ತಪದದ ಬಗ್ಗೆಯೂ ಎರಡು ಮಾತು. ಕ್ಯಾಮೆರಾದ ವಿಳಾಸದೊಳಗೇ ಹೆಸರು, ಗುಪ್ತಪದಗಳನ್ನು ಸೇರಿಸಿ ಫಲಕದ ಕಡತದಲ್ಲಿ ಬರೆದಿಡುವುದು ವಾಡಿಕೆ. ಆ ಕಡತ ಕೈಗೆ ಸಿಕ್ಕವರಿಗೆ ಕ್ಯಾಮೆರಾವೂ ಸಿಕ್ಕಂತೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸದೆ ಬಿಟ್ಟ ಕ್ಯಾಮೆರಾಗಳನ್ನೂ ರೂಟರುಗಳನ್ನೂ ಹಿಡಿದು ಮಿರಾಯ್ ಎಂಬ ಕುತಂತ್ರಾಂಶ 2016ರ ಅಕ್ಟೋಬರಿನಲ್ಲಿ ಡಿನ್ ಕಂಪನಿಯ ಮೇಲೆ ದಾಳಿ ಮಾಡಿದಾಗ ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಫಲಕಕ್ಕೆ ನೋಡುವ ಅಧಿಕಾರ ಮಾತ್ರ ಇರುವ ಬೇರೆ ಖಾತೆ ಕೊಡಿ. ಕ್ಯಾಮೆರಾಗಳನ್ನೂ ಫಲಕಗಳನ್ನೂ ಪ್ರತ್ಯೇಕ ವಿಲ್ಯಾನ್‌ನಲ್ಲಿ ಇಡಿ. ಹಾಗೆಯೇ, ತರಗತಿಯ ಮಕ್ಕಳ ಚಿತ್ರ ಓಣಿಯಲ್ಲಿ ಹೋಗಿಬರುವವರಿಗೆಲ್ಲ ಕಾಣುವ ಫಲಕದಲ್ಲಿ ಏಕೆ ಇರಬೇಕು ಎಂದು ಅಳವಡಿಸುವ ಮೊದಲೇ ಕೇಳಿಕೊಳ್ಳಿ. ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಕಿಟಕಿ ತೆರೆಯಬೇಕಾಗಿಲ್ಲ.

ಎರಡು ಮೊಬೈಲುಗಳ ಪ್ರಯೋಗ

ವಿಳಂಬವನ್ನು ಅಳೆಯಲು ದುಬಾರಿ ಉಪಕರಣ ಬೇಡ. ಕ್ಯಾಮೆರಾವನ್ನು ಮೇಲೆ ಜೋಡಿಸುವ ಮೊದಲು ಫಲಕದ ಪಕ್ಕಕ್ಕೆ ತಂದಿಡಿ. ಒಂದು ಮೊಬೈಲಿನಲ್ಲಿ ಸೆಕೆಂಡಿನ ನೂರನೆಯ ಭಾಗ ತೋರಿಸುವ ನಿಲುಗಡಿಯಾರ ಓಡಿಸಿ ಕ್ಯಾಮೆರಾದ ಎದುರು ಹಿಡಿಯಿರಿ. ಆ ಮೊಬೈಲೂ, ಅದರ ಚಿತ್ರ ಮೂಡಿದ ಫಲಕವೂ ಒಟ್ಟಿಗೆ ಬರುವಂತೆ ಇನ್ನೊಂದು ಮೊಬೈಲಿನಿಂದ ಫೋಟೋ ತೆಗೆಯಿರಿ. ಒಂದೇ ಫೋಟೋದಲ್ಲಿ ಎರಡು ಸಮಯಗಳು ಕಾಣುತ್ತವೆ. ಮೊಬೈಲಿನಲ್ಲಿ 12.84, ಫಲಕದಲ್ಲಿ 11.70 ಇದ್ದರೆ ವಿಳಂಬ 1.14 ಸೆಕೆಂಡ್. ಮೊಬೈಲಿನ ಪರದೆಯೇ ಸೆಕೆಂಡಿಗೆ 60 ಬಾರಿ ಬದಲಾಗುವುದರಿಂದ ಅಳತೆಯಲ್ಲಿ ಸೆಕೆಂಡಿನ ಅರವತ್ತನೆಯ ಒಂದೆರಡು ಭಾಗದಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಹತ್ತು ಬಾರಿ ತೆಗೆದು ಸರಾಸರಿಯನ್ನೂ ಹರಹನ್ನೂ ಬರೆದಿಡಿ. ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಒಂದು ಪ್ರಯೋಗದ ಅವಧಿಯಲ್ಲಿ ಇದನ್ನು ಮಾಡಿ ಮುಗಿಸಬಲ್ಲರು. ಬಫರ್, ಪೂರ್ಣ ಚಿತ್ರಗಳ ನಡುವಿನ ಅಂತರ, ಚಿತ್ರದ ಗಾತ್ರ – ಒಮ್ಮೆಗೆ ಒಂದನ್ನೇ ಬದಲಿಸಿ ಮತ್ತೆ ಅಳೆದರೆ ಯಾವುದರ ಪಾಲು ಎಷ್ಟು ಎಂಬುದು ಅವರ ಕೈಯಲ್ಲೇ ಹೊರಬರುತ್ತದೆ.

ಹತ್ತೂ ಅಳತೆಗಳು ಒಂದೇ ಸಮನಾಗಿ 1.1 ಸೆಕೆಂಡಿನ ಸುತ್ತ ಇದ್ದರೆ ಬಫರಿನ ಮೇಲೆ ಅನುಮಾನ ಪಡಿ. ಒಂದು 0.3, ಇನ್ನೊಂದು 2 ಎಂದು ಚದುರಿದ್ದರೆ ಆಗ ಜಾಲವನ್ನು ಪರೀಕ್ಷಿಸಿ, ವಿಶೇಷವಾಗಿ ವೈ-ಫೈ ಇದ್ದರೆ. ಒಂದು ನಿಮಿಷದ ನಂತರ ಮತ್ತೆ ಅಳೆಯುವುದನ್ನು ಮರೆಯಬೇಡಿ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಕಳುಹಿಸುತ್ತಿದ್ದು ಫಲಕ 25ನ್ನು ಮಾತ್ರ ಬಿಡಿಸಬಲ್ಲದಾದರೆ, ಉಳಿದ ಐದು ಸರತಿಯಲ್ಲಿ ನಿಲ್ಲುತ್ತವೆ. ಶೇಖರಣೆ ತುಂಬುವವರೆಗೆ ಸರತಿ ಬೆಳೆಯುತ್ತಲೇ ಹೋಗುತ್ತದೆ. ಯಾವುದನ್ನೂ ಬಿಸಾಡದ ಫಲಕ ಒಂದು ನಿಮಿಷದಲ್ಲಿ 10 ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಗುತ್ತಿಗೆದಾರ ತೋರಿಸಿದ ಮೊದಲ ಐದು ಸೆಕೆಂಡಿನಲ್ಲಿ ಇದು ಕಾಣುವುದೇ ಇಲ್ಲ. ಹೀಗಾಗಿದ್ದರೆ ಕ್ಯಾಮೆರಾದ ಗತಿಯನ್ನು ಸೆಕೆಂಡಿಗೆ 15 ಚಿತ್ರಕ್ಕೆ ಇಳಿಸಿ, ಅರ್ಧ ಗಂಟೆ ಬಿಟ್ಟು, ಮೊಬೈಲುಗಳನ್ನು ಮತ್ತೆ ಹಿಡಿಯಿರಿ.